ಮೂರು ಪೆಟ್ಟಿಗೆಗಳ ಕಥೆ

ಇತಿಹಾಸದ ಮೇಷ್ಟರಿಗೂ ವಿಡಿಯೋ ಗೇಮಿಗೂ ಏನು ನಂಟು ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಆದರೆ ತರಗತಿಯಲ್ಲಿ ನಾನು ಪದೇ ಪದೇ ಹೇಳುತ್ತಿದ್ದ ಮಾತೊಂದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ನನಗೆ ಯುದ್ಧಗಳ ಚರಿತ್ರೆಯಲ್ಲಿಯೂ ಸಿಕ್ಕಿಲ್ಲ. ಗೆದ್ದವರು ಯಾರೆಂದು ತಿಳಿದ ಮೇಲೆ ಆ ಗೆಲುವು ಮೊದಲೇ ನಿಶ್ಚಿತವಾಗಿತ್ತೆಂದು ನಮಗೆ ತೋರುತ್ತದೆ. ಅಂದು ಬದುಕಿದ್ದವರಿಗೆ ಹಾಗೆ ತೋರಿರಲಿಲ್ಲ.

ಟಿ.ವಿ.ಗೆ ಜೋಡಿಸಿ ಆಡುವ ಯಂತ್ರಕ್ಕೆ ಕನ್ಸೋಲ್ ಎನ್ನುತ್ತಾರೆ. ಒಂದು ಕಂಪನಿಯ ಕನ್ಸೋಲಿಗೆಂದು ಮಾಡಿದ ಆಟ ಇನ್ನೊಂದು ಕಂಪನಿಯದರಲ್ಲಿ ನಡೆಯದು. ಹೀಗಾಗಿ ಯಂತ್ರವನ್ನು ಕೊಳ್ಳುವವನು ಮುಂದೆ ಅದಕ್ಕಾಗಿ ಬರಬಹುದಾದ ಆಟಗಳನ್ನು ನಂಬಿ ಹಣ ಹಾಕುತ್ತಾನೆ. ಆ ಆಟಗಳಲ್ಲಿ ಹೆಚ್ಚಿನವು ಆಗಿನ್ನೂ ಹುಟ್ಟಿಯೇ ಇರುವುದಿಲ್ಲ.

1995ರ ಅಮೆರಿಕದಲ್ಲಿ ಆಟಗಾರರ ಮುಂದೆ ಮೂರು ಮುಖ್ಯ ದಾರಿಗಳಿದ್ದವು. ಮೂರೂ ಜಪಾನಿನ ಕಂಪನಿಗಳವು. ಸೆಗಾ ಮತ್ತು ನಿಂಟೆಂಡೊ ಹಳೆಯ ಎದುರಾಳಿಗಳು. ಸೋನಿ ಈ ಕ್ಷೇತ್ರಕ್ಕೆ ಹೊಸಬ. ಸೋನಿಯ ಪ್ರವೇಶದ ಹಿಂದೆ ಒಂದು ಮನಸ್ತಾಪವಿತ್ತು. ನಿಂಟೆಂಡೊಗಾಗಿ ಸಿ.ಡಿ. ಯಂತ್ರವೊಂದನ್ನು ಸೋನಿ ಸಿದ್ಧಪಡಿಸುತ್ತಿದ್ದಾಗ, 1991ರಲ್ಲಿ ನಿಂಟೆಂಡೊ ಬಹಿರಂಗವಾಗಿ ಫಿಲಿಪ್ಸ್ ಕಂಪನಿಯ ಕೈ ಹಿಡಿಯಿತು. ಸೋನಿ ತಾನೇ ಸ್ವಂತವಾಗಿ ‘ಪ್ಲೇಸ್ಟೇಷನ್’ ನಿರ್ಮಿಸಿತು.

1995ರ ಮೇ 11ರಂದು ಲಾಸ್ ಏಂಜಲೀಸಿನ ಪ್ರದರ್ಶನದಲ್ಲಿ ಸೆಗಾ ಒಂದು ಅಚ್ಚರಿಯನ್ನು ಪ್ರಕಟಿಸಿತು. ಸೆಪ್ಟೆಂಬರಿನಲ್ಲಿ ಬರಬೇಕಾಗಿದ್ದ ಅದರ ‘ಸ್ಯಾಟರ್ನ್’ ಆಗಲೇ ಆಯ್ದ ಅಂಗಡಿಗಳನ್ನು ಸೇರಿತ್ತು. ಬೆಲೆ 399 ಡಾಲರ್. ಅದೇ ದಿನ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು, 299 ಎಂಬ ಬೆಲೆಯೊಂದನ್ನೇ ಹೇಳಿ ಇಳಿದುಹೋದರು. ಸೆಗಾದ ಆತುರವು ಅದಕ್ಕೇ ಮುಳುವಾಯಿತು. ಆಯ್ಕೆಯಾಗದ ಅಂಗಡಿಯವರು ಮುನಿಸಿಕೊಂಡರು. ಸೆಪ್ಟೆಂಬರನ್ನೇ ನಂಬಿದ್ದ ಹೊರಗಿನ ಆಟತಯಾರಕರ ಆಟಗಳು ಸಿದ್ಧವಿರಲಿಲ್ಲ.

ನಿಂಟೆಂಡೊ 64 ಅಮೆರಿಕಕ್ಕೆ ಬಂದದ್ದು 1996ರ ಸೆಪ್ಟೆಂಬರಿನಲ್ಲಿ. ಅದು ಸಿ.ಡಿ.ಯನ್ನು ಒಲ್ಲದೆ ಕಾರ್ಟ್ರಿಡ್ಜನ್ನೇ ನೆಚ್ಚಿತು. ಕಾರ್ಟ್ರಿಡ್ಜ್ ಹಾಕಿದ ಕೂಡಲೇ ಆಟ ಆರಂಭವಾಗುತ್ತದೆ, ಅದು ಬೇಗ ಕೆಡುವುದೂ ಇಲ್ಲ. ಆದರೆ ತಯಾರಿಕೆಯ ಖರ್ಚು ಹೆಚ್ಚು, ಹಿಡಿಸುವುದು ಕಡಿಮೆ: ಅತಿ ದೊಡ್ಡ ಕಾರ್ಟ್ರಿಡ್ಜಿನಲ್ಲಿ 64 ಮೆಗಾಬೈಟ್, ಸಿ.ಡಿ.ಯಲ್ಲಿ ಸುಮಾರು 650. ಅಲ್ಲಿಯವರೆಗೆ ನಿಂಟೆಂಡೊ ಯಂತ್ರಗಳಿಗೆ ‘ಫೈನಲ್ ಫ್ಯಾಂಟಸಿ’ ಮಾಲೆಯನ್ನು ನೀಡುತ್ತಿದ್ದ ಸ್ಕ್ವೇರ್ ಸಂಸ್ಥೆ ಸೋನಿಯತ್ತ ಹೊರಟಿತು. ಮಾಲೆಯ ಏಳನೆಯ ಆಟ 1997ರಲ್ಲಿ ಮೂರು ಸಿ.ಡಿ.ಗಳಲ್ಲಿ ಬಂತು.

ಕೊನೆಯ ಲೆಕ್ಕ ಹೀಗಿದೆ: ಪ್ಲೇಸ್ಟೇಷನ್ 10 ಕೋಟಿಗೂ ಹೆಚ್ಚು, ನಿಂಟೆಂಡೊ 64 ಸುಮಾರು 3.3 ಕೋಟಿ, ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ. 2001ರಲ್ಲಿ ಸೆಗಾ ಕನ್ಸೋಲ್ ತಯಾರಿಕೆಯಿಂದಲೇ ಹಿಂದೆ ಸರಿಯಿತು.

ಹಾಗಾದರೆ ಸ್ಯಾಟರ್ನ್ ಕೊಂಡವರು ಮೂರ್ಖರೇ? ಅವರ ಜಾಗದಲ್ಲಿ ನಿಂತು ನೋಡೋಣ. ಹಿಂದಿನ ಪೀಳಿಗೆಯಲ್ಲಿ ಸೆಗಾದ ‘ಜೆನೆಸಿಸ್’ ಯಂತ್ರ ಅಮೆರಿಕದಲ್ಲಿ ನಿಂಟೆಂಡೊಗೆ ಸರಿಸಮನಾಗಿ ಹೋರಾಡಿತ್ತು. ಜಪಾನಿನಲ್ಲಿ ಸ್ಯಾಟರ್ನ್ ಚೆನ್ನಾಗಿಯೇ ಮಾರಾಟವಾಗುತ್ತಿತ್ತು. ಸೋನಿಗೆ ಕನ್ಸೋಲ್ ಮಾಡಿದ ಅನುಭವವೇ ಇರಲಿಲ್ಲ. ಪರೀಕ್ಷಿತವಾದುದನ್ನು ನಂಬಿದ್ದರಲ್ಲಿ ತಪ್ಪೇನು? ಇನ್ನು ನಿಂಟೆಂಡೊಗಾಗಿ ಕಾದವರಿಗೆ ‘ಸೂಪರ್ ಮಾರಿಯೊ 64’ ದೊರಕಿತು. ನಾಲ್ವರು ಒಟ್ಟಿಗೆ ಕುಳಿತು ಆಡುವ ಅನುಕೂಲವೂ ದೊರಕಿತು. ಅವರ ಸಂತೋಷವನ್ನು ಮಾರಾಟದ ಅಂಕಿಗಳಿಂದ ಅಳೆಯಲಾಗದು.

ಆಯ್ಕೆಯನ್ನು ತೂಗುವಾಗ, ಆಯ್ದ ದಿನ ಕಣ್ಣೆದುರಿಗಿದ್ದ ಆಧಾರಗಳನ್ನೇ ತಕ್ಕಡಿಗೆ ಹಾಕಬೇಕು. ಹತ್ತನೆಯ ತರಗತಿಯ ನಂತರ ವಿಜ್ಞಾನ ತೆಗೆದುಕೊಂಡದ್ದಕ್ಕೋ, ವಾಣಿಜ್ಯ ತೆಗೆದುಕೊಂಡದ್ದಕ್ಕೋ ಇಂದಿಗೂ ನಿಮ್ಮನ್ನು ನೀವೇ, ಇಲ್ಲವೇ ನಿಮ್ಮ ತಂದೆ-ತಾಯಿಯರನ್ನು ಹಳಿಯುತ್ತಿದ್ದರೆ, ಅಂದಿನ ದಿನಕ್ಕೆ ಒಮ್ಮೆ ಹಿಂದಿರುಗಿ ನೋಡಿರಿ. ಅಂದು ಅವರಿಗೆ ಏನು ತಿಳಿದಿತ್ತು? ನಿಮಗೆ ಏನು ತಿಳಿದಿತ್ತು?