ನೋವಿನ ಔಷಧಿ, ಅದನ್ನು ಕರಗಿಸುವ ದ್ರವ

ಹರ್ನಿಯಾ ಆಪರೇಷನ್ ಆದ ಮಗುವನ್ನು ಮನೆಗೆ ಕಳಿಸುವಾಗ ಡಾಕ್ಟರು ಬರೆದುಕೊಡುವ ನೋವಿನ ಔಷಧಿ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಿರಪ್. ಆಪರೇಷನ್ ಸಮಯದಲ್ಲೇ ಬೆನ್ನಿನ ಕೆಳತುದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಮೊದಲ ಕೆಲವು ಗಂಟೆ ಮಗುವಿಗೆ ನೋವು ತಿಳಿಯುವುದಿಲ್ಲ. ಆಮೇಲಿನ ಆಸರೆ ಈ ಸಿರಪ್ಪೇ. ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕುಡಿಸಿದರೆ ಮಗು ನಿದ್ದೆ ಮಾಡುತ್ತದೆ. ಇಂಥ ಸಿಹಿ ಸಿರಪ್‌ಗಳ ಚರಿತ್ರೆಯಲ್ಲಿ ಚೆನ್ನೈ ಸುತ್ತಮುತ್ತ ನಡೆದ ಎರಡು ಅಧ್ಯಾಯಗಳಿವೆ. ಅವುಗಳ ನಡುವೆ 53 ವರ್ಷಗಳ ಅಂತರವಿದೆ.

ಪ್ಯಾರಾಸಿಟಮಾಲ್ ಈ ಸ್ಥಾನಕ್ಕೆ ಬಂದದ್ದು ಉಳಿದ ಔಷಧಿಗಳು ಒಂದೊಂದಾಗಿ ಹಿಂದೆ ಸರಿದದ್ದರಿಂದ. ಜ್ವರದ ಮಕ್ಕಳಲ್ಲಿ ಮೆದುಳಿಗೂ ಯಕೃತ್ತಿಗೂ ಹಾನಿ ಮಾಡುವ ರೇ ಸಿಂಡ್ರೋಮ್‌ಗೂ ಆಸ್ಪಿರಿನ್‌ಗೂ ನಂಟಿದೆ ಎಂದು ಗೊತ್ತಾದ ಮೇಲೆ, 1980ರ ದಶಕದಲ್ಲಿ ಆಸ್ಪಿರಿನ್ ಮಕ್ಕಳಿಂದ ದೂರವಾಯಿತು. ಅಫೀಮಿನ ವಂಶದ ಕೊಡೀನ್ ಸೌಮ್ಯವಾದದ್ದೆಂದು ಟಾನ್ಸಿಲ್ ತೆಗೆದ ಮಕ್ಕಳಿಗೂ ಕೊಡುತ್ತಿದ್ದರು. ಯಕೃತ್ತು ಕೊಡೀನನ್ನು ಮಾರ್ಫಿನ್ ಆಗಿ ಬದಲಿಸುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಕೆಲಸ ಅತಿ ವೇಗವಾಗಿ ನಡೆಯುತ್ತದೆ. ಅಂಥ ಮಕ್ಕಳು ಸರಿಯಾದ ಪ್ರಮಾಣದಲ್ಲೇ ಕುಡಿದರೂ ಉಸಿರು ನಿಂತು ಸತ್ತರು. ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಕಠಿಣ ಎಚ್ಚರಿಕೆ ಕೊಟ್ಟರು, 2017ರಲ್ಲಿ 12 ವರ್ಷದೊಳಗಿನವರಿಗೆ ಕೊಡಲೇಬಾರದು ಎಂದರು. ಅದಕ್ಕೂ ಮೊದಲೇ, 2011ರಲ್ಲಿ, ಭಾರತ ನಿಮೆಸುಲೈಡ್ ಎಂಬ ನೋವಿನ ಔಷಧಿಯನ್ನು ಅದೇ ವಯಸ್ಸಿನೊಳಗಿನವರಿಗೆ ನಿಷೇಧಿಸಿತ್ತು. ಕೊನೆಗೆ ಮುಖ್ಯವಾಗಿ ಉಳಿದವು ಎರಡು: ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೇನ್.

ಪ್ಯಾರಾಸಿಟಮಾಲ್ ಹೊಸದಲ್ಲ. 1878ರಲ್ಲೇ ತಯಾರಾಗಿತ್ತು. 1948ರಲ್ಲಿ ನ್ಯೂಯಾರ್ಕಿನ ಬ್ರಾಡಿ ಮತ್ತು ಆಕ್ಸೆಲ್ರಾಡ್ ಅದರ ಗುಣವನ್ನು ಮತ್ತೆ ಎತ್ತಿ ತೋರಿಸಿದರು. 1955ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಟೈಲೆನಾಲ್ ಮಕ್ಕಳಿಗಾಗಿಯೇ ಮಾಡಿದ ದ್ರವ ಔಷಧಿ. ಅಳತೆ ಮೀರದಿದ್ದರೆ ಮಗುವಿಗೆ ಹಿತವಾದ ಔಷಧಿ ಅದು. ಆದರೆ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಆದ್ದರಿಂದ ಸಿರಪ್ ಮಾಡುವವರು ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಸೇರಿಸುತ್ತಾರೆ. ಇವುಗಳ ಹಾಗೆಯೇ ಕಾಣುವ, ಹಾಗೆಯೇ ಸಿಹಿಯಾದ, ಇವಕ್ಕಿಂತ ಅಗ್ಗವಾದ ಇನ್ನೊಂದು ದ್ರವವಿದೆ: ಡೈಎಥಿಲೀನ್ ಗ್ಲೈಕಾಲ್. ಕಾರ್ಖಾನೆಗಳ ಬಳಕೆಗೆ ಇರುವ ದ್ರವವದು. ದೇಹದೊಳಗೆ ಹೋದರೆ ಮೂತ್ರಪಿಂಡ ಕೆಡುತ್ತದೆ, ಮಗುವಿಗೆ ಮೂತ್ರ ನಿಲ್ಲುತ್ತದೆ.

ಈ ವಿಷವನ್ನು ಜಗತ್ತು 1937ರಲ್ಲೇ ಕಂಡಿತ್ತು. ಆ ವರ್ಷ ಅಮೆರಿಕದಲ್ಲಿ ಇದರಲ್ಲಿ ಕರಗಿಸಿದ ಸಲ್ಫಾ ಔಷಧಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅಲ್ಲಿ ಹೊಸ ಔಷಧ ಕಾಯ್ದೆ ಬಂತು. ಭಾರತದಲ್ಲಿ 1972ರಲ್ಲಿ, ಆಗಿನ ಮದ್ರಾಸಿನಲ್ಲಿ, ಇದೇ ವಿಷ ಬೆರೆತ ಸಿರಪ್ ಕುಡಿದು ಸುಮಾರು 15 ಮಕ್ಕಳು ಸತ್ತರು. ಅವರು ಸತ್ತದ್ದು ಎಗ್ಮೋರ್‌ನ ಮಕ್ಕಳ ಆಸ್ಪತ್ರೆಯಲ್ಲಿ. 1986ರಲ್ಲಿ ಬೊಂಬಾಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್‌ನಲ್ಲಿ ಬೆರೆತ ಇದೇ ವಿಷಕ್ಕೆ 14 ರೋಗಿಗಳು ಬಲಿಯಾದರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ವಿಚಾರಣೆ ನಡೆಸಿತು. 1990ರ ದಶಕದಲ್ಲಿ ನೈಜೀರಿಯಾ, ಬಾಂಗ್ಲಾದೇಶ, ಹೈಟಿಗಳಲ್ಲಿ ಮಕ್ಕಳನ್ನು ಕೊಂದದ್ದು ಪ್ಯಾರಾಸಿಟಮಾಲ್ ಸಿರಪ್ಪೇ. ಎಲ್ಲ ಕಡೆಯೂ ಔಷಧಿ ಸರಿಯಾಗಿಯೇ ಇತ್ತು, ಕೆಟ್ಟದ್ದು ಅದನ್ನು ಕರಗಿಸಿದ ದ್ರವ.

ಎರಡನೆಯ ಅಧ್ಯಾಯ 2025ರದು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಶೀತ ಕೆಮ್ಮಿಗೆಂದು ಕೋಲ್ಡ್ರಿಫ್ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಅದರಲ್ಲಿ ಇರಬೇಕಾದ ಔಷಧಿಗಳಲ್ಲಿ ಪ್ಯಾರಾಸಿಟಮಾಲ್ ಒಂದು. ತಯಾರಾದದ್ದು ಚೆನ್ನೈ–ಬೆಂಗಳೂರು ಹೆದ್ದಾರಿಯ ಬದಿಯ ಸುಂಗುವಾರ್‌ಚತ್ರಂನಲ್ಲಿ. ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆ ಅಕ್ಟೋಬರ್ ಆರಂಭದಲ್ಲಿ ಮಾದರಿ ಪರೀಕ್ಷಿಸಿದಾಗ ಸಿಕ್ಕ ಡೈಎಥಿಲೀನ್ ಗ್ಲೈಕಾಲ್ ಶೇ. 48.6. ಇರಬಹುದಾದ ಮಿತಿ ಶೇ. 0.1. ಪರೀಕ್ಷೆಗೆ ಕೆಲವೇ ದಿನ ಸಾಕಾಯಿತು. ಮಕ್ಕಳು ಕುಡಿಯುವ ಮೊದಲೇ ಅದೇ ಪರೀಕ್ಷೆ ಮಾಡಬಹುದಿತ್ತು.

ಕಾನೂನಿನಲ್ಲಿ ಅದಕ್ಕೆ ಜಾಗವಿದೆ. ಕಚ್ಚಾವಸ್ತುವಿನ ಪ್ರತಿ ಬ್ಯಾಚನ್ನೂ ತಯಾರಕರು ಪರೀಕ್ಷಿಸಬೇಕು. 2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತು, ಭಾರತದಲ್ಲಿ ತಯಾರಾದ ಸಿರಪ್‌ಗಳ ಮೇಲೆ ಬೆರಳು ತೋರಿದಾಗ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. 2023ರ ಜೂನ್ 1ರಿಂದ ಹೊರದೇಶಕ್ಕೆ ಹೋಗುವ ಕೆಮ್ಮಿನ ಸಿರಪ್‌ಗೆ ಸರ್ಕಾರ ಒಪ್ಪಿದ ಲ್ಯಾಬಿನ ಪರೀಕ್ಷೆ ಕಡ್ಡಾಯವಾಯಿತು. ಆ ಆದೇಶ ರಫ್ತಿಗೆ ಮಾತ್ರ ಅನ್ವಯಿಸಿತು. ಸುಂಗುವಾರ್‌ಚತ್ರಂನಿಂದ ಛಿಂದ್ವಾಡಾಕ್ಕೆ ಹೋಗುವ ಬಾಟಲಿ ಅದರ ವ್ಯಾಪ್ತಿಗೆ ಬರಲಿಲ್ಲ.

ಇದರಿಂದ ಮಗುವಿನ ನೋವಿಗೆ ಔಷಧಿಯೇ ಬೇಡ ಎಂದುಕೊಂಡರೆ ಅದು ಇನ್ನೊಂದು ಅನ್ಯಾಯ. ಹೊಲಿಗೆ ಹಾಕಿಸಿಕೊಂಡ ಮಗು ನೋವಿನಿಂದ ಮಲಗದಿದ್ದರೆ, ಉಣ್ಣದಿದ್ದರೆ, ಗುಣವಾಗುವುದು ತಡವಾಗುತ್ತದೆ. ಅಫೀಮಿನ ಔಷಧಿ ಬಿಟ್ಟು ಸೌಮ್ಯವಾದದ್ದನ್ನು ಆರಿಸಿದ ವೈದ್ಯರ ದಾರಿ ಸರಿಯಾದದ್ದೇ. ಆದರೆ ಡಾಕ್ಟರು ಔಷಧಿಯ ಹೆಸರನ್ನು ಬರೆಯಬಲ್ಲರು, ತಾಯಿ ಅಳತೆಯನ್ನು ನೋಡಬಲ್ಲಳು. ಕಾರ್ಖಾನೆಗೆ ಬಂದ ಪೀಪಾಯಿಯಲ್ಲಿ ಏನಿದೆ ಎಂಬುದು ಇಬ್ಬರಿಗೂ ಕಾಣುವುದಿಲ್ಲ. ಅದನ್ನು ತೆರೆದು ನೋಡಬೇಕಾದವರು ನೋಡಿದರೆ ಮಾತ್ರ ಆ ಚಮಚದ ಮೇಲೆ ನಂಬಿಕೆ ಇಡಬಹುದು.