ಆರ್‌ಸಿಇಪಿಯ ಖಾಲಿ ಕುರ್ಚಿ: ಹೊಸ ಸದಸ್ಯರು ಒಳಗೆ ಬರುವುದು ಹೇಗೆ, ನಮ್ಮನ್ನು ಕೇಳುವವರು ಯಾರು?

ಭಾರತ ಆರ್‌ಸಿಇಪಿ ಸೇರಬೇಕಾ, ಬೇಡವಾ? 2019ರಲ್ಲಿ ಮುಗಿಯಿತು ಅಂದುಕೊಂಡಿದ್ದ ಈ ಚರ್ಚೆ ಮತ್ತೆ ಮತ್ತೆ ತಲೆ ಎತ್ತುತ್ತಲೇ ಇದೆ. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಬ್ಯಾಂಕ್‌ನ ವರದಿಯೊಂದು ಭಾರತ ತನ್ನ ನಿಲುವನ್ನು ಮರುಪರಿಶೀಲಿಸಬಹುದು ಎಂದಿತು. ನವೆಂಬರ್‌ನಲ್ಲಿ, ಆಗ ನೀತಿ ಆಯೋಗದ ಸಿಇಒ ಆಗಿದ್ದ ಬಿ.ವಿ.ಆರ್. ಸುಬ್ರಹ್ಮಣ್ಯಂ ಬಹಿರಂಗವಾಗಿಯೇ ‘ಸೇರಬೇಕು’ ಅಂದರು. ವಾಣಿಜ್ಯ ಸಚಿವ ಪಿಯೂಷ್ ಗೋಯಲ್ ಇದನ್ನು ಒಪ್ಪುವವರಲ್ಲ. ಚೀನಾ ಜೊತೆ ಮುಕ್ತ ವ್ಯಾಪಾರ ಒಪ್ಪಂದ ನಮ್ಮ ಹಿತಕ್ಕಲ್ಲ ಎನ್ನುವುದು ಅವರ ಮಾತು.

ಟಿವಿ ಚರ್ಚೆಗಳಲ್ಲಿ ಇದು ‘ಬಾಗಿಲು ತೆರೆದೇ ಇದೆ, ಒಳಗೆ ಹೋಗೋಣವೋ ಬೇಡವೋ’ ಅನ್ನುವ ಪ್ರಶ್ನೆಯಾಗಿ ಬರುತ್ತದೆ. ಇಂಥ ಕೂಟಗಳು ಹೊಸಬರನ್ನು ಹಾಗೆ ಸೇರಿಸಿಕೊಳ್ಳುವುದಿಲ್ಲ. ತಡವಾಗಿ ಬಂದವರು ಬಾಗಿಲಲ್ಲೇ ಏನನ್ನಾದರೂ ಬಿಟ್ಟು ಒಳಗೆ ಹೋಗಬೇಕು. ಏನು ಬಿಡಬೇಕು ಅನ್ನುವುದು ಮುಚ್ಚಿದ ಕೋಣೆಯಲ್ಲಿ ತೀರ್ಮಾನವಾಗುತ್ತದೆ. ಕೋಲಾರದಲ್ಲಿ ಡೇರಿಗೆ ಹಾಲು ಹಾಕುವವರು, ಕೊಡಗಿನಲ್ಲಿ ಮೆಣಸು ಬೆಳೆಯುವವರು ತಲೆಕೆಡಿಸಿಕೊಳ್ಳಬೇಕಾದದ್ದು ಆ ಕೋಣೆಯ ಬಗ್ಗೆ.

ಮೊದಲು ಈ ಕೂಟದ ಪರಿಚಯ. ಆರ್‌ಸಿಇಪಿ ಅಂದರೆ ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ. ಮಾತುಕತೆ ಶುರುವಾದದ್ದು 2012ರ ನವೆಂಬರ್‌ನಲ್ಲಿ. ಆಗ ಇದ್ದದ್ದು 16 ದೇಶಗಳು: ಆಸಿಯಾನ್‌ನ ಅಂದಿನ ಹತ್ತು ದೇಶಗಳು, ಜೊತೆಗೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಭಾರತ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಪ್ರಧಾನಿ ಮೋದಿ ಗಾಂಧೀಜಿಯ ಹೆಸರನ್ನೂ ತಮ್ಮ ಆತ್ಮಸಾಕ್ಷಿಯನ್ನೂ ಮುಂದಿಟ್ಟು ಭಾರತ ಸೇರುತ್ತಿಲ್ಲ ಎಂದರು. ಉಳಿದ 15 ದೇಶಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು. 2022ರ ಜನವರಿ 1ರಿಂದ ಒಪ್ಪಂದ ಜಾರಿಯಲ್ಲಿದೆ. ಜಗತ್ತಿನ ಜನಸಂಖ್ಯೆ ಮತ್ತು ಜಿಡಿಪಿ ಎರಡರಲ್ಲೂ ಹತ್ತಿರ ಹತ್ತಿರ 30% ಪಾಲು ಈ ಕೂಟದ್ದು. ಸುಮಾರು 20 ವರ್ಷಗಳಲ್ಲಿ 90%ರಷ್ಟು ಬಗೆಯ ಸರಕುಗಳ ಮೇಲಿನ ಸುಂಕವನ್ನು ಹಂತಹಂತವಾಗಿ ತೆಗೆದುಹಾಕುವುದು ಗುರಿ.

ಬಾಗಿಲಿನ ನಿಯಮ

ಹೊಸಬರ ಸೇರ್ಪಡೆ ಬಗ್ಗೆ ಒಪ್ಪಂದದ ಕೊನೆಯ ಅಧ್ಯಾಯದಲ್ಲಿ, 20.9ನೇ ವಿಧಿಯಲ್ಲಿ ಬರೆದಿದ್ದಾರೆ. ಜಾರಿಯಾಗಿ 18 ತಿಂಗಳು ಕಳೆದ ಮೇಲೆ ಯಾವುದೇ ದೇಶ ಅರ್ಜಿ ಹಾಕಬಹುದು. ದೇಶವೇ ಆಗಿರಬೇಕು ಅಂತಲೂ ಇಲ್ಲ, ತನ್ನದೇ ಸುಂಕ ವ್ಯವಸ್ಥೆ ಇರುವ ಪ್ರದೇಶವಾದರೂ ಸಾಕು. ಹಾಂಕಾಂಗ್ 2022ರ ಜನವರಿಯಲ್ಲೇ ಅರ್ಜಿ ಕೊಟ್ಟು ಕಾಯುತ್ತಾ ಕೂತದ್ದು ಈ ಆಧಾರದ ಮೇಲೆ. ಆಮೇಲೆ ಶ್ರೀಲಂಕಾ, ಚಿಲಿ, ಬಾಂಗ್ಲಾದೇಶ ಕೂಡ ಅರ್ಜಿ ಹಾಕಿದವು.

ಭಾರತಕ್ಕೆ ಮಾತ್ರ ಒಂದು ವಿನಾಯಿತಿ ಇದೆ. ಮೊದಲಿನಿಂದ ಮಾತುಕತೆಯಲ್ಲಿದ್ದ ದೇಶ ಅನ್ನುವ ಕಾರಣಕ್ಕೆ ಒಪ್ಪಂದ ಜಾರಿಯಾದ ದಿನದಿಂದಲೇ ಅದಕ್ಕೆ ಬಾಗಿಲು ತೆರೆದಿದೆ. ಸಹಿ ಹಾಕುವ ಹೊತ್ತಿನಲ್ಲೇ 15 ದೇಶಗಳ ಸಚಿವರು ಭಾರತಕ್ಕೆಂದೇ ಪ್ರತ್ಯೇಕ ಘೋಷಣೆಯೊಂದನ್ನು ಹೊರಡಿಸಿದ್ದರು. ಸೇರದಿದ್ದರೂ ಸಭೆಗಳಿಗೆ ವೀಕ್ಷಕರಾಗಿ ಬರಬಹುದು ಅಂತ ಅದರಲ್ಲಿದೆ. ಖಾಲಿ ಕುರ್ಚಿ ಅಂದದ್ದು ಇದಕ್ಕೇ.

ನಮ್ಮ ಮಾಧ್ಯಮಗಳು ಇಷ್ಟನ್ನು ಹೇಳಿ ನಿಲ್ಲಿಸುತ್ತವೆ. ಮುಂದಿನ ಸಾಲುಗಳೇ ಮುಖ್ಯ. ವಿನಾಯಿತಿ ಇರುವುದು ಕಾಯುವ ಅವಧಿಗೆ ಮಾತ್ರ. ಸೇರ್ಪಡೆಗೆ ಉಳಿದ ಸದಸ್ಯರ ಒಪ್ಪಿಗೆ ಬೇಕೇ ಬೇಕು, ಅವರ ಜೊತೆ ಕುದುರಿಸಿಕೊಂಡ ಷರತ್ತುಗಳಿಗೂ ಒಳಪಡಬೇಕು. ಭಾರತ ಲಿಖಿತ ಮನವಿ ಕೊಟ್ಟ ಮೇಲೆ ಮಾತುಕತೆ ಶುರುವಾಗುತ್ತದೆ, ಆಗ ಭಾರತ ಹಿಂದೆ ಎಲ್ಲಿಗೆ ನಿಲ್ಲಿಸಿತ್ತು ಅನ್ನುವುದರ ಜೊತೆ ‘ಆ ನಂತರದ ಬೆಳವಣಿಗೆಗಳನ್ನೂ’ ಪರಿಗಣಿಸಲಾಗುತ್ತದೆ ಎಂದು ಸಚಿವರ ಘೋಷಣೆ ಹೇಳುತ್ತದೆ. ಅಂದರೆ 2019ರಲ್ಲಿ ಕಷ್ಟಪಟ್ಟು ಪಡೆದಿದ್ದ ರಿಯಾಯಿತಿಗಳು ಹಾಗೇ ಉಳಿದಿವೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಇನ್ನೊಂದು ತೊಡಕು ಒಮ್ಮತದ್ದು. ಈ ಕೂಟದಲ್ಲಿ ಬಹುಮತದ ಲೆಕ್ಕ ನಡೆಯುವುದಿಲ್ಲ. 15ರಲ್ಲಿ ಒಬ್ಬರು ತಕರಾರು ತೆಗೆದರೂ ಕಡತ ಮುಂದೆ ಹೋಗದು. ನ್ಯೂಜಿಲೆಂಡ್ ಹಾಲಿನ ಪುಡಿ ವಿಷಯ ಎತ್ತಬಹುದು, ಚೀನಾ ಮತ್ತೇನನ್ನೋ ಎತ್ತಬಹುದು.

ತಡವಾಗಿ ಬಂದವರ ಪಾಡು

ಇದು ನಿಜವಾಗಿ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ ಪಕ್ಕದ ಕೂಟವಾದ ಸಿಪಿಟಿಪಿಪಿ ಕಡೆ ಹೋಗಬೇಕು. ಇದು ಆಗ ಪೆಸಿಫಿಕ್ ಸಾಗರದ ಸುತ್ತಲಿನ 11 ದೇಶಗಳ ವ್ಯಾಪಾರ ಒಪ್ಪಂದವಾಗಿತ್ತು. ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್ 2021ರ ಫೆಬ್ರುವರಿ 1ರಂದು ಇದಕ್ಕೆ ಅರ್ಜಿ ಹಾಕಿತು. ಸಹಿ ಬಿದ್ದದ್ದು 2023ರ ಜುಲೈ 16ರಂದು, ಆಕ್ಲೆಂಡ್‌ನಲ್ಲಿ. ಜಾರಿಗೆ ಬಂದದ್ದು 2024ರ ಡಿಸೆಂಬರ್ 15ರಂದು. ಸುಮಾರು ನಾಲ್ಕು ವರ್ಷ!

ಆ ನಾಲ್ಕು ವರ್ಷದಲ್ಲಿ ಒಪ್ಪಂದದ ಮೂಲ ನಿಯಮಗಳಲ್ಲಿ ಒಂದಕ್ಷರವನ್ನೂ ಬ್ರಿಟನ್ ತಿದ್ದಲಾಗಲಿಲ್ಲ. ‘ನಿಯಮ ನಮ್ಮದು, ಬರುವುದಾದರೆ ಬನ್ನಿ’ ಅನ್ನುವುದು ಹಳೆಯ ಸದಸ್ಯರ ನಿಲುವು. ಹೊಸಬರು ಚೌಕಾಸಿ ಮಾಡಬಹುದಾದದ್ದು ಯಾವ ಸರಕಿಗೆ ಎಷ್ಟು ಸುಂಕ, ಎಷ್ಟು ವರ್ಷದಲ್ಲಿ ಇಳಿಸುವುದು ಅನ್ನುವ ಪಟ್ಟಿಗಳ ಬಗ್ಗೆ ಮಾತ್ರ. ಅಲ್ಲೂ ಒಬ್ಬೊಬ್ಬರೂ ತಮ್ಮ ಬಾಕಿ ವಸೂಲಿಗೆ ನಿಲ್ಲುತ್ತಾರೆ. ಮಲೇಷ್ಯಾ ತಾಳೆ ಎಣ್ಣೆ ಮೇಲಿನ ಸುಂಕ ತೆಗೆಸಿತು. ಕೆನಡಾದ ಜೊತೆಗೆ ಚೀಸ್ ಮತ್ತು ದನದ ಮಾಂಸದ ಜಗಳ ಇತ್ತು. ಬ್ರಿಟನ್ ಅಧಿಕೃತವಾಗಿ ಒಳಗೆ ಬಂದ ದಿನವೂ ಕೆನಡಾ ಅದನ್ನು ಅನುಮೋದಿಸಿರಲಿಲ್ಲ. ಇಷ್ಟೆಲ್ಲಾ ಮಾಡಿ ಸಿಕ್ಕ ಲಾಭ? ಬ್ರಿಟಿಷ್ ಸರ್ಕಾರದ್ದೇ ಅಂದಾಜಿನ ಪ್ರಕಾರ ದೀರ್ಘಾವಧಿಯಲ್ಲಿ ಜಿಡಿಪಿಯ 0.08%.

ಬ್ರಿಟನ್‌ನಂಥ ದೇಶದ ಕತೆಯೇ ಹೀಗೆ. ಪೂರ್ವ ತಿಮೋರ್ ಆಸಿಯಾನ್‌ಗೆ ಅರ್ಜಿ ಹಾಕಿದ್ದು 2011ರಲ್ಲಿ, ಹನ್ನೊಂದನೇ ಸದಸ್ಯನಾಗಿ ಸೇರಿದ್ದು 2025ರ ಅಕ್ಟೋಬರ್‌ನಲ್ಲಿ. ಒಂದು ಪೀಳಿಗೆ ಹೈಸ್ಕೂಲ್ ಮುಗಿಸುವಷ್ಟು ಕಾಲ.

ಭಾರತ ಅಷ್ಟು ಚಿಕ್ಕ ದೇಶವಲ್ಲ, ನಿಜ. 140 ಕೋಟಿ ಜನರ ಮಾರುಕಟ್ಟೆ ಅಂದರೆ ಯಾರಿಗಾದರೂ ಆಸೆ. ಆದರೆ ಆ ಆಸೆಯೇ ಬೆಲೆಯನ್ನೂ ಏರಿಸುತ್ತದೆ.

ಆಗ ಜಗಳ ಇದ್ದದ್ದು ಯಾವುದಕ್ಕೆ?

2019ರಲ್ಲಿ ಭಾರತ ತೆಗೆದ ತಕರಾರುಗಳಲ್ಲಿ ಮೂರನ್ನು ಅರ್ಥಮಾಡಿಕೊಂಡರೆ ಉಳಿದದ್ದೂ ತಿಳಿಯುತ್ತದೆ.

ಒಂದು, ಮೂಲ ವರ್ಷ. ಸುಂಕ ಇಳಿಸುವಾಗ ಯಾವ ವರ್ಷದ ದರದಿಂದ ಇಳಿಸಲು ಶುರುಮಾಡಬೇಕು? ಕರಡಿನಲ್ಲಿ ಇದ್ದದ್ದು 2014. ಭಾರತ ಕೇಳಿದ್ದು 2019. ಕೇಳುವುದಕ್ಕೆ ಸಣ್ಣ ತಾಂತ್ರಿಕ ವಿಷಯ. ಮೊಬೈಲ್ ಫೋನ್ ತೆಗೆದುಕೊಳ್ಳಿ: 2014ರಲ್ಲಿ ಅದರ ಮೇಲೆ ಮೂಲ ಆಮದು ಸುಂಕವೇ ಇರಲಿಲ್ಲ. 2017ರ ಜುಲೈನಲ್ಲಿ 10% ಬಂತು, 2018ರ ಬಜೆಟ್ ಹೊತ್ತಿಗೆ 20% ಆಯಿತು. ಆ ಗೋಡೆಯ ಆಸರೆಯಲ್ಲೇ ಇಲ್ಲಿ ಫೋನ್ ಜೋಡಣೆ ಬೆಳೆದದ್ದು, ಕೋಲಾರದ ನರಸಾಪುರ, ಆಮೇಲೆ ದೇವನಹಳ್ಳಿಯ ಕಾರ್ಖಾನೆಗಳೂ ಸೇರಿ. ಮೂಲ ವರ್ಷ 2014 ಅಂದರೆ ಆ ಗೋಡೆಯೇ ಲೆಕ್ಕಕ್ಕಿಲ್ಲ.

ಎರಡು, ಸರಕಿನ ಮೂಲ. ಯಾವ ಮಾಲು ಎಲ್ಲಿಯದು ಅಂತ ಹೇಳುವವರು ಯಾರು? ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರೀಲಂಕಾ ಜೊತೆಗಿನ ಒಪ್ಪಂದದಲ್ಲಿ ಕರಿಮೆಣಸಿಗೆ ಸುಂಕ ತೀರಾ ಕಡಿಮೆ. ವಿಯೆಟ್ನಾಂ ಮೆಣಸು ಆ ದಾರಿಯಲ್ಲಿ ಸುತ್ತಿಬಳಸಿ ಬಂದು ನಮ್ಮ ಬೆಲೆ ಬೀಳಿಸುತ್ತಿದೆ ಎಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ವರ್ಷಗಟ್ಟಲೆ ಕೂಗಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಬೇಕಾಯಿತು. ಎರಡೇ ದೇಶಗಳ ಒಪ್ಪಂದದಲ್ಲಿ ಇಷ್ಟು ರಂಪವಾದರೆ, 15 ದೇಶಗಳ ಕೂಟದಲ್ಲಿ ಯಾವ ಮಾಲು ಎಲ್ಲಿ ಹುಟ್ಟಿ ಯಾರ ಲೇಬಲ್ ಹೊತ್ತು ಬರುತ್ತದೆ ಅಂತ ಕಾಯುವುದು ಇನ್ನೂ ಕಷ್ಟ.

ಮೂರು, ಆಮದು ಒಂದು ಮಟ್ಟ ಮೀರಿದರೆ ತಾನಾಗಿಯೇ ಸುಂಕ ಮತ್ತೆ ಏರುವ ವ್ಯವಸ್ಥೆ ಬೇಕು ಅನ್ನುವುದು. ಅದಕ್ಕೆ ಒಪ್ಪಿಗೆ ಸಿಗಲಿಲ್ಲ.

ಹಾಲಿನದು ಬೇರೆಯದೇ ಸಂಕಟ. 2019ರಲ್ಲಿ ರಾಜ್ಯದ ರೈತ ಸಂಘಟನೆಗಳು ಬೀದಿಗಿಳಿದದ್ದು ಮುಖ್ಯವಾಗಿ ಇದಕ್ಕೇ. ನ್ಯೂಜಿಲೆಂಡ್ ತನ್ನ ಹಾಲಿನ ಬಹುಪಾಲನ್ನು ಹೊರದೇಶಗಳಿಗೆ ಮಾರಿಯೇ ಬದುಕುವ ದೇಶ. ನಮ್ಮಲ್ಲಿ ಎರಡು ಮೂರು ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆಗಳು. ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯಲ್ಲಿ ಕೈಗೆ ಬರುವ ನಗದು ಅದೊಂದೇ. ಅಗ್ಗದ ಹಾಲಿನ ಪುಡಿ ಬಂದರೆ ಮೊದಲು ಏಟು ಬೀಳುವುದು ಸಹಕಾರ ಸಂಘದ ಖರೀದಿ ದರಕ್ಕೆ.

ಹಾಗಾದರೆ ಹೊರಗಿದ್ದು ಗೆದ್ದೆವಾ?

ಅದೂ ಇಲ್ಲ. 2018-19ರಲ್ಲಿ ಚೀನಾ ಜೊತೆ ನಮ್ಮ ವ್ಯಾಪಾರ ಕೊರತೆ ಸುಮಾರು 5,300 ಕೋಟಿ ಡಾಲರ್. 2024-25ರಲ್ಲಿ ಸುಮಾರು 9,900 ಕೋಟಿ ಡಾಲರ್. ಆರ್‌ಸಿಇಪಿ ಬೇಡ ಅಂದು ಎದೆ ತಟ್ಟಿಕೊಂಡವರು ಈ ಲೆಕ್ಕವನ್ನು ಎಲ್ಲೂ ಹೇಳುವುದಿಲ್ಲ.

ಸೇರಿ ಅನ್ನುವವರೂ ಒಂದನ್ನು ಮುಚ್ಚಿಡುತ್ತಾರೆ. ಆಸಿಯಾನ್, ಜಪಾನ್, ದಕ್ಷಿಣ ಕೊರಿಯಾ ಜೊತೆ ಭಾರತಕ್ಕೆ ಆಗಲೇ ಪ್ರತ್ಯೇಕ ವ್ಯಾಪಾರ ಒಪ್ಪಂದಗಳಿವೆ. ಆಸ್ಟ್ರೇಲಿಯಾ ಜೊತೆಗಿನದು 2022ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ, ಹಾಲಿನ ಉತ್ಪನ್ನಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನ್ಯೂಜಿಲೆಂಡ್ ಜೊತೆಗಿನ ಮಾತುಕತೆ 2025ರ ಡಿಸೆಂಬರ್‌ನಲ್ಲಿ ಮುಗಿಯಿತು, ಅಲ್ಲೂ ಹಾಲು ಹೊರಗೆ. ಲೆಕ್ಕ ಹಾಕಿ ನೋಡಿ: 15ರಲ್ಲಿ ಉಳಿದವರು ಯಾರು? ಚೀನಾ ಒಂದೇ. ಹಾಗಾಗಿ ಇವತ್ತು ಆರ್‌ಸಿಇಪಿ ಸೇರುವುದು ಅಂದರೆ ಮುಖ್ಯವಾಗಿ ಚೀನಾ ಜೊತೆ ಮುಕ್ತ ವ್ಯಾಪಾರ. ಬೇಕು ಅಂತ ವಾದಿಸುವುದು ತಪ್ಪೇನಲ್ಲ. ಚೀನಾದ ಬಿಡಿಭಾಗ ಇಲ್ಲದೆ ಇಲ್ಲಿನ ಎಷ್ಟೋ ಕಾರ್ಖಾನೆ ಓಡುವುದಿಲ್ಲ, ಅವು ಅಗ್ಗಕ್ಕೆ ಸಿಕ್ಕರೆ ನಮ್ಮ ರಫ್ತಿಗೇ ಅನುಕೂಲ ಅನ್ನುವ ವಾದದಲ್ಲಿ ಹುರುಳಿದೆ. ಆದರೆ ಅದನ್ನು ‘ಏಷ್ಯಾದ ಜೊತೆ ಬೆಸೆದುಕೊಳ್ಳುವುದು’ ಅಂತ ಸುತ್ತಿ ಹೇಳಬಾರದು, ಚೀನಾ ಅಂತಲೇ ಹೇಳಬೇಕು.

ಕೂಟದ ಬಲಹೀನ ಸದಸ್ಯರ ಹಾಲನ್ನು ಎರಡು ದೇಶಗಳ ಮಾತುಕತೆಯಲ್ಲಿ ಪಕ್ಕಕ್ಕಿಡಿಸುವುದು ಸುಲಭ ಅನ್ನುವುದನ್ನೂ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಒಪ್ಪಂದಗಳು ತೋರಿಸಿವೆ. ಹದಿನೈದು ಮಂದಿಯ ಎದುರು ಕೂತಾಗ ಅದೇ ಮಾತು ನಡೆಯುತ್ತದಾ?

ಎರಡು ಪಟ್ಟಿ, ಎರಡರಲ್ಲೂ 14

ಇನ್ನು ನಮ್ಮ ಮನೆಯೊಳಗಿನ ವಿಷಯ. ಸಂವಿಧಾನದ ಏಳನೇ ಅನುಸೂಚಿ ತೆರೆಯಿರಿ. ಕೇಂದ್ರ ಪಟ್ಟಿಯ 14ನೇ ನಮೂದು: ವಿದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದು, ಜಾರಿ ಮಾಡುವುದು. ರಾಜ್ಯ ಪಟ್ಟಿಯ 14ನೇ ನಮೂದು: ಕೃಷಿ. ಸಂಖ್ಯೆ ಒಂದೇ ಆದದ್ದು ಕಾಕತಾಳೀಯ, ಆದರೆ ಜಗಳ ಅಲ್ಲೇ ಇದೆ. 253ನೇ ವಿಧಿಯ ಪ್ರಕಾರ, ಒಪ್ಪಂದವೊಂದನ್ನು ಜಾರಿ ಮಾಡಲು ಸಂಸತ್ತು ರಾಜ್ಯಪಟ್ಟಿಯ ವಿಷಯದ ಮೇಲೂ ಕಾನೂನು ಮಾಡಬಹುದು. ರಾಜ್ಯಗಳ ಒಪ್ಪಿಗೆ ಬೇಕಿಲ್ಲ.

ಅದಕ್ಕಿಂತ ವಿಚಿತ್ರ ಅಂದರೆ, ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆಯೂ ಕಡ್ಡಾಯವಲ್ಲ. ಕೇಂದ್ರ ಸಂಪುಟ ತೀರ್ಮಾನ ಮಾಡಿದರೆ ಮುಗಿಯಿತು. ಸುಂಕ ಇಳಿಸಲು ಕಸ್ಟಮ್ಸ್ ಕಾಯ್ದೆಯಡಿ ಒಂದು ಅಧಿಸೂಚನೆ ಸಾಕು. ಬ್ರಿಟನ್‌ನಲ್ಲಿ 2010ರ ಕಾನೂನಿನ ಪ್ರಕಾರ ಒಪ್ಪಂದವನ್ನು ಅನುಮೋದಿಸುವ ಮೊದಲು 21 ಅಧಿವೇಶನ ದಿನಗಳ ಕಾಲ ಸಂಸತ್ತಿನ ಮುಂದಿಡಬೇಕು. ಆಸ್ಟ್ರೇಲಿಯಾದಲ್ಲಿ ಇದಕ್ಕೆಂದೇ ಒಂದು ಜಂಟಿ ಸಂಸದೀಯ ಸಮಿತಿ ಇದೆ. ನಮ್ಮಲ್ಲಿ ಸಂಸದರು ಪ್ರಶ್ನೆ ಕೇಳಬಹುದು, ಸಚಿವರು ‘ಎಲ್ಲರೊಡನೆ ಸಮಾಲೋಚಿಸಲಾಗಿದೆ’ ಅನ್ನಬಹುದು. 2019ರಲ್ಲಿ ಹಿಂದೆ ಸರಿದದ್ದೂ ಹೀಗೇ ಒಂದು ತೀರ್ಮಾನದಿಂದ. ಬೀದಿಯ ಒತ್ತಡ ಇತ್ತು ಅನ್ನುವುದು ನಿಜ, ಆದರೆ ಬಾಗಿಲು ಮುಚ್ಚಿದ ಕೈಗೇ ಅದನ್ನು ತೆರೆಯುವ ಅಧಿಕಾರವೂ ಇದೆ.

ಆರ್‌ಸಿಇಪಿಯಲ್ಲಿ ಐದು ವರ್ಷಕ್ಕೊಮ್ಮೆ ಸಾಮಾನ್ಯ ಪರಿಶೀಲನೆ ನಡೆಯಬೇಕು ಅಂತ ಒಪ್ಪಂದದಲ್ಲೇ ಇದೆ. ಮೊದಲನೆಯದು 2027ಕ್ಕೆ ಬರುತ್ತದೆ. ಆ ಹೊತ್ತಿಗೆ ಭಾರತ ಲಿಖಿತ ಮನವಿ ಕೊಟ್ಟಿತು ಅಂತ ಸುದ್ದಿ ಬಂದರೆ, ‘ಸೇರುತ್ತಾರಾ’ ಅಂತ ಕೇಳಿ ಸುಮ್ಮನಾಗಬೇಡಿ. ಮೂಲ ವರ್ಷ ಯಾವುದು, ಹಾಲಿನ ಪುಡಿ ಮತ್ತು ಕರಿಮೆಣಸು ಸುಂಕದ ಪಟ್ಟಿಯಲ್ಲಿವೆಯಾ ಹೊರಗಿವೆಯಾ, ಆ ಪಟ್ಟಿಯನ್ನು ಸಹಿಗೆ ಮೊದಲು ಸಂಸತ್ತಿನಲ್ಲಿ ಇಡುತ್ತೀರಾ ಅಂತ ನಿಮ್ಮ ಸಂಸದರನ್ನು ಕೇಳಿ. ಮೂರನೆಯ ಪ್ರಶ್ನೆಗೆ ‘ಹೌದು’ ಅನ್ನಬೇಕಾದ ಕಾನೂನು ಇನ್ನೂ ಈ ದೇಶದಲ್ಲಿಲ್ಲ.