ನರ್ಸಮ್ಮನ ಪದವಿ

ನಮ್ಮ ಸಾಲಗುಂದದ ಕಡೆ ನರ್ಸಮ್ಮ ಎಂದರೆ ಇಂದಿಗೂ ಹಲವರಿಗೆ ಸೂಜಿ ಹಾಕುವಾಕೆ, ಡಾಕ್ಟರು ಹೇಳಿದಷ್ಟು ಮಾಡುವಾಕೆ. ಅಷ್ಟಕ್ಕೆ ಪದವಿ ಏಕೆ ಬೇಕು?

ದೆಹಲಿಯಲ್ಲೂ ವೆಲ್ಲೂರಿನಲ್ಲೂ 1946ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಆರಂಭವಾಯಿತು. ಮರುವರ್ಷ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂತು. ಶುಶ್ರೂಷೆ ಬರೀ ಸೇವೆಯಲ್ಲ, ವಿದ್ಯೆಯೂ ಹೌದೆಂದು ಒಪ್ಪಿದ ಕಾಲವದು. ಪದವಿ ಕಲಿಸುವುದು ಕೈಕೆಲಸವನ್ನಷ್ಟೇ ಅಲ್ಲ, ನೋಡಿ ನಿರ್ಧರಿಸುವುದನ್ನು. ಹೆರಿಗೆಯ ನಂತರ ರಕ್ತಸ್ರಾವ ಮಿತಿ ಮೀರಿತೆಂದು ಮೊದಲು ಗುರುತಿಸಬೇಕಾದವಳು ಬಾಣಂತಿಯ ಪಕ್ಕದಲ್ಲಿರುವವಳೇ. ಅಲ್ಲಿ ಗಳಿಗೆ ತಡವಾದರೂ ಜೀವಕ್ಕೇ ಸಂಚಕಾರ.

2018ರ ಆಯುಷ್ಮಾನ್ ಭಾರತ ಯೋಜನೆ ಈ ಪದವೀಧರೆಯರನ್ನು ಹಳ್ಳಿಯ ಉಪಕೇಂದ್ರಕ್ಕೂ ತಂದಿತು. ಹುದ್ದೆಯ ಹೆಸರು ಸಮುದಾಯ ಆರೋಗ್ಯ ಅಧಿಕಾರಿ. ಬಿ.ಪಿ., ಸಕ್ಕರೆ ಕಾಯಿಲೆ ಪರೀಕ್ಷಿಸುವುದು, ಯಾರನ್ನು ಸಿಂಧನೂರಿನ ದವಾಖಾನೆಗೆ ಕಳಿಸಬೇಕೆಂದು ತೀರ್ಮಾನಿಸುವುದು ಇಂಥವರ ಕೆಲಸ. ಆ ಮಾತನ್ನು ಮನೆಯವರು ಕೇಳಿದರೆ ಮಾತ್ರ ಪದವಿಗೆ ಬೆಲೆ.